ಎರಡು ಗೇಣಿಗೆ ನಾಲ್ಕು ಬೆರಳು ಕಡಿಮೆ

ಇಳಕಲ್ಲಿನ ಶಿವಬಸವ್ವ ಹಣೆಗೆ ಸೀಮೆಸುಣ್ಣ ತಿಕ್ಕಿಕೊಂಡ ದಿನ ಅವಳ ಗುಟ್ಟು ರಟ್ಟಾಯಿತು. ವಿಭೂತಿ ಗಟ್ಟಿಯ ಪಕ್ಕದಲ್ಲಿ ಮೊಮ್ಮಗಳ ಸೀಮೆಸುಣ್ಣ ಬಿದ್ದಿತ್ತು. ಅದನ್ನೇ ಎತ್ತಿ ಬಳಿದುಕೊಂಡು, "ಇತ್ತಿತ್ಲಾಗ ವಿಭೂತಿ ನೆಟ್ಟಗ ಹತ್ತವಲ್ದು, ಕಲಬೆರಕಿ ಮಾಲ ಬರಾಕತ್ತೈತಿ" ಎಂದು ಅಂಗಡಿಯವನಿಗೆ ಬೈದದ್ದು ಬೇರೆ. ಸೊಸೆ ಶೈಲಾ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಅತ್ತೆಯ ಮುಖದೆದುರು ಕೈಯಾಡಿಸಿ ನೋಡಿದಳು, ನಗು ನಿಂತಿತು.

ನಲವತ್ತು ವರ್ಷ ಸೀರೆಯ ಮೈಗೆ ನೂಲಿಗೆ ನೂಲು ಸೇರಿಸಿ ಸೆರಗು ಕೂಡಿಸಿದ ಕೈ ಶಿವಬಸವ್ವನದು. ಆ ಬೆರಳುಗಳೇ ಕಣ್ಣಿನ ಕೆಲಸವನ್ನೂ ಮಾಡುತ್ತಿದ್ದವು. ಪೊರೆ ಬಂದದ್ದು ಯಾರಿಗೆ ತಿಳಿಯಬೇಕು? ಅವಳನ್ನು ಕೊರೆಯುತ್ತಿದ್ದ ಸಂಗತಿಯೇ ಬೇರೆ. ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುವುದು ಅವಳ ಪೂಜೆ. ಎರಡು ವರ್ಷದಿಂದ ಅಂಗೈಯಲ್ಲಿ ಬರೀ ಕಪ್ಪು ಮಬ್ಬು. ನೋಡುವವಳಂತೆ ನಟಿಸಿ ದೇವರಿಗೇ ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ನಾಚಿಕೆ, ಸಂಕಟ.

ಆದರೂ ಆಪರೇಷನ್ ಎಂದರೆ ಒಲ್ಲೆ. ಓಣಿಯ ಸೋಮವ್ವ ಹೋದ ವರ್ಷ ಮಾಡಿಸಿಕೊಂಡಿದ್ದಳು. ಬಸ್ಸಿನ ಬೋರ್ಡು ಅಷ್ಟು ದೂರದಿಂದ ಕಾಣುತ್ತಿತ್ತು, ಅಕ್ಕಿಯ ಕಲ್ಲು ಆರಿಸಲು ಮಾತ್ರ ಚಾಳೀಸು, ಅಂದರೆ ಕನ್ನಡಕ, ಬೇಕು. ಆ ಚಾಳೀಸಿನ ಮೇಲೆ ಅವಳೇ ಕೂತು ಮುರಿದದ್ದು ಎರಡು ಸಲ. "ಲಿಂಗಕ್ಕೂ ನನಗೂ ನಡುವ ಗಾಜ ಯಾಕ ಬೇಕು?" ಎಂದು ಶಿವಬಸವ್ವ ಹಟ ಹಿಡಿದಳು. ಹಟದಲ್ಲಿ ಅವಳನ್ನು ಮೀರಿಸುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಬರೀ ತಪಾಸಣೆ ಅಷ್ಟೇ ಎಂದು ಸುಳ್ಳು ಹೇಳಿಯೇ ಶೈಲಾ ಅವಳನ್ನು ಬಾಗಲಕೋಟೆಯ ದವಾಖಾನೆಗೆ ಹೊರಡಿಸಿದಳು.

ಅಲ್ಲಿನ ನರ್ಸು ರಂಜಾನಬಿ ಕಣ್ಣು ನೋಡುವ ಮೊದಲು ಪೆನ್ನು ತೆಗೆದು ಕೇಳಿದಳು. "ಅವ್ವಾರ, ಕಣ್ಣ ಬಂದ ಮ್ಯಾಲ ಮದ್ಲ ಏನ್ ನೋಡಬೇಕ್ರಿ ನಿಮಗ?"

"ದೂರದ್ದು ಬರಕೊಳ್ರಿ. ಟೀವಿ ನೋಡ್ತಾರ, ರಸ್ತೆ ದಾಟತಾರ" ಎಂದಳು ಶೈಲಾ.

"ನಿಮ್ಮನ್ನಲ್ರಿ ಅಕ್ಕಾರ, ಅವ್ವಾರನ್ನ ಕೇಳೇನಿ."

ಎಪ್ಪತ್ತೆರಡು ವರ್ಷದಲ್ಲಿ ಶಿವಬಸವ್ವನಿಗೆ ನಿನಗೇನು ನೋಡಬೇಕು ಎಂದು ಯಾರೂ ಕೇಳಿರಲಿಲ್ಲ. ಅವಳು ಎಡ ಅಂಗೈ ಎತ್ತಿ ಮುಖದೆದುರು ಹಿಡಿದಳು. "ಇಷ್ಟ ದೂರ. ಚಾಳೀಸ ಇಲ್ದ."

ರಂಜಾನಬಿ ಟೇಪು ಹುಡುಕುವಷ್ಟರಲ್ಲಿ ಮುದುಕಿಯೇ ಗೇಣು ಹಾಕಿದಳು. "ಎರಡ ಗೇಣಿಗೆ ನಾಕ ಬೆರಳ ಕಡಿಮಿ. ಹಿಂದ ಮುಂದ ಆದ್ರ ನಾ ಒಲ್ಲೆ." ಡಾಕ್ಟರು ನಕ್ಕರು, ಆದರೆ ಅಳತೆ ಬರೆದುಕೊಂಡರು. ಕಣ್ಣೊಳಗೆ ಅಷ್ಟಕ್ಕೇ ಹೊಂದುವ ಮಸೂರ ಹಾಕಬಹುದು, ದೂರದ್ದು ಮಾತ್ರ ಮಸುಕು ಎಂದರು. ಶಿವಬಸವ್ವ ಆಪರೇಷನ್ನಿಗೆ ಒಪ್ಪಿದಳು. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಮುಷ್ಟಿಯಲ್ಲೇ ಹಿಡಿಸಿ ಒಳಗೆ ಕರೆದೊಯ್ದಳು ರಂಜಾನಬಿ.

ಮರುದಿನ ಪಟ್ಟಿ ಬಿಚ್ಚಿದರು. ಶಿವಬಸವ್ವ ಅಂಗೈ ಎತ್ತಿದಳು. ಲಿಂಗ ಇತ್ತು, ಹೊಳೆಯುತ್ತಿತ್ತು, ಅದರ ಮೇಲೆ ಕಿಟಕಿಯ ಬೆಳಕಿನ ಒಂದು ಚುಕ್ಕಿ ಕೂತಿತ್ತು. ಅವಳ ಕಣ್ಣಂಚು ಒದ್ದೆಯಾಯಿತು. "ಅಳಬ್ಯಾಡ್ರಿ, ಹೊಸಾ ಕಣ್ಣು" ಎಂದು ರಂಜಾನಬಿ ಗದರಿಸಿದಳು.

ಬಾಗಿಲಲ್ಲಿ ನಿಂತ ಶೈಲಾ ಕೇಳಿದಳು. "ಅತ್ತಿ, ನಾ ಕಾಣಸ್ತೇನೇನ್ರಿ?"

"ಇಲ್ಲ. ಬರೇ ಸೀರಿ ಬಣ್ಣ ಕಾಣತೈತಿ. ಇಲ್ಲೆ ಬಾ."

ಶೈಲಾ ಸಪ್ಪಗಾಗಿ ಹತ್ತಿರ ಬಂದಳು. ಶಿವಬಸವ್ವ ಬಲಗೈಯಿಂದ ಅವಳ ಗದ್ದ ಹಿಡಿದು ಅಂಗೈಯ ಅಳತೆಗೆ ಎಳೆದುಕೊಂಡು ದಿಟ್ಟಿಸಿದಳು. "ಕೂದ್ಲ ಬೆಳ್ಳಗಾಗ್ಯಾವಲ್ಲ ನಿಂದು. ಯಾವಾಗ?"

"ಎರಡ ವರ್ಷ ಆತ್ರಿ."

ಮುದುಕಿ ಗದ್ದ ಬಿಡಲಿಲ್ಲ. ಕಣ್ಣ ಕೆಳಗಿನ ಕಪ್ಪು, ಹುಬ್ಬಿನ ನಡುವಿನ ಗೆರೆ, ಒಂದೊಂದನ್ನೇ ನೋಡುತ್ತ ಹೋದಳು. ಶೈಲಾಳಿಗೆ ಸಂಕೋಚವಾಯಿತು. "ನನ್ನ ಮಾರಿ ಏನ್ ನೋಡ್ತೀರಿ ಅತ್ತಿ? ಪೂಜಿ ಮಾಡ್ರಿ."

"ಮಾಡಾಕತ್ತೇನಿ" ಎಂದಳು ಶಿವಬಸವ್ವ. "ಅಳ್ಳಾಡಬ್ಯಾಡ."