ಚಿಗರಿ ತಿಂದ ಗುಲಾಬಿ

ರಾಣೆಬೆನ್ನೂರಿನಲ್ಲಿ ನಾವು ಮನೆ ಕಟ್ಟಿಸಿದ್ದು ಹಲಗೇರಿ ರಸ್ತೆಯ ಹೊಸ ಬಡಾವಣೆಯ ಕಟ್ಟಕಡೆಯ ಜಾಗದಲ್ಲಿ. ಅಲ್ಲಿಂದಾಚೆ ಎರಡು ಹೊಲ, ಆಮೇಲೆ ನೀಲಗಿರಿ ತೋಪು, ತೋಪಿನ ತುಂಬ ಚಿಗರಿಗಳು. ಅರಣ್ಯ ಇಲಾಖೆಯ ಫಲಕದಲ್ಲಿ ಕೃಷ್ಣಮೃಗ ಎಂದು ದೊಡ್ಡ ಹೆಸರಿದ್ದರೂ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಚಿಗರಿಯೇ. ಮನೆಶಾಂತಿಗೆ ಬಂದವರು “ಎಂಥಾ ಚೊಲೋ ಜಾಗಾರಿ, ಕುಂತಲ್ಲೇ ಚಿಗರಿ ಕಾಣ್ತಾವ” ಎಂದು ಹೊಗಳಿ, ಹೋಳಿಗೆ ಉಂಡು ಹೋದರು. ಅವು ನಮ್ಮ ಅಂಗಳಕ್ಕೂ ಬರುತ್ತವೆ ಎಂದು ಒಬ್ಬರೂ ಹೇಳಲಿಲ್ಲ.

ಅಪ್ಪ ತೀರಿಕೊಂಡ ವರ್ಷವೇ ಅವ್ವನನ್ನು ನಮ್ಮಲ್ಲಿಗೆ ಕರೆತಂದೆ. ನಾನು ಒಬ್ಬಳೇ ಮಗಳು. ಅವ್ವನಿಗೆ ಆಗ ಐವತ್ತೆರಡೋ ಮೂರೋ. ತಲೆತುಂಬ ಹೂ ಮುಡಿಯುತ್ತಿದ್ದ ಹೆಂಗಸು. ಬಸ್ಸಿನಲ್ಲಿ ಇವಳು ಮುಂದೆ ಕೂತರೆ ಹಿಂದಿನವರಿಗೆ ದಾರಿಯೇ ಕಾಣುವುದಿಲ್ಲ ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಅಪ್ಪ ಹೋದ ದಿನಕ್ಕೆ ಅದೂ ಹೋಯಿತು. ಯಾರೂ ಬೇಡ ಎಂದು ಹೇಳಬೇಕಾಗಲಿಲ್ಲ, ಅವಳೂ ಕೇಳಲಿಲ್ಲ. ನಮ್ಮ ಮನೆಗೆ ಬಂದ ಹೊಸತರಲ್ಲಿ ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಹೀಗೇ ಬಿಟ್ಟರೆ ಇವಳೂ ನನ್ನ ಕೈಬಿಟ್ಟು ಹೋಗುತ್ತಾಳೆ ಎಂದು ನನಗೆ ಹೆದರಿಕೆ ಹತ್ತಿತು. ಅದಕ್ಕೇ ತೋಟ ಮಾಡಿದೆ.

ನನ್ನ ಕಚೇರಿ ಹಾವೇರಿಯಲ್ಲಿ. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ, ದಾರಿಯುದ್ದಕ್ಕೂ ಧೂಳು. ಸಂಜೆ ಬರುವಾಗ ಸಸಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಮುಚ್ಚಿ ತರುತ್ತಿದ್ದೆ. ಗುಲಾಬಿ, ಸೇವಂತಿಗೆ, ದಾಸವಾಳ, ಕನಕಾಂಬರ. ಮೊದಲ ವಾರ ಅವ್ವ ಕಿಟಕಿಯಿಂದ ನೋಡಿದಳು. ಎರಡನೇ ವಾರ ಹೊರಗೆ ಬಂದು, “ಹಿಂಗ ನೆಟ್ರ ಹತ್ತತಾವೇನ? ಸರಿ ಅತ್ತಾಗ” ಎಂದು ನನ್ನ ಕೈಯಿಂದ ಕುರುಪಿ ಕಿತ್ತುಕೊಂಡಳು. ನನಗೆ ಗೆದ್ದಷ್ಟು ಸಂತೋಷವಾಯಿತು.

ಮೊದಲ ಗುಲಾಬಿ ಅರಳಿದ್ದು ಒಂದು ಶುಕ್ರವಾರ. ಬ್ಯಾಡಗಿಯಿಂದ ನಮ್ಮ ಅತ್ತೆ, ನನ್ನ ಗಂಡನ ತಾಯಿ, ಬಂದಿದ್ದರು, ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಬಸ್ಸಿಗೆ ಹೊರಟಿದ್ದೆ. ಅವ್ವ ಹೂ ಕೊಯ್ದು ನನ್ನ ಕಡೆ ಹಿಡಿದಳು. ನನ್ನ ಕೈ ತುಂಬ ಊಟದ ಡಬ್ಬಿ, ಕಾಗದದ ಕಟ್ಟು. “ಅಲ್ಲೇ ಕಟ್ಟಿ ಮ್ಯಾಲೆ ಇಡವ್ವಾ, ತಗೋತೀನಿ” ಎಂದೆ. ಇಟ್ಟಳು. ಮುಡಿದುಕೊಂಡು ಓಡಿದೆ.

ಆಮೇಲೆ ಒಂದೆರಡು ವಾರಕ್ಕೆ ಚಿಗರಿಗಳ ಕಾಟ ಶುರುವಾಯಿತು. ಬೆಳಿಗ್ಗೆ ಎದ್ದರೆ ಗುಲಾಬಿಯ ಚಿಗುರಿಲ್ಲ, ಮೊಗ್ಗಿಲ್ಲ, ದಾಸವಾಳ ಬರೀ ಕಡ್ಡಿ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಜಾಲಿಮುಳ್ಳಿನ ಬೇಲಿ ಹಾಕಿಸಿದೆ. ಅದರ ಹಿಂದೆ ತಂತಿ ಬಿಗಿಸಿದೆ. ಗೇಟಿಗೆ ಸರಪಳಿ ಸುತ್ತಿ ಕೊಕ್ಕೆ ಹಾಕಿದೆ. ಆದರೂ ವಾರಕ್ಕೆ ಎರಡು ಮೂರು ಸಲ ಬಂದು ಮೇಯ್ದು ಹೋಗುತ್ತಿದ್ದವು. “ಹಾರಿ ಬರ್ತಾವ, ಅವಕ್ಕ ಬೇಲಿ ಯಾವ ಲೆಕ್ಕ?” ಎನ್ನುತ್ತಿದ್ದಳು ಅವ್ವ.

ಖಾರದ ನೀರು ಹೊಡೆದರೆ ಯಾವ ಪ್ರಾಣಿಯೂ ಬಾಯಿ ಹಾಕುವುದಿಲ್ಲ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ನನ್ನ ಗಂಡ ಬ್ಯಾಡಗಿಯವರು, ಅಲ್ಲಿಯ ಕಾಲೇಜಿನಲ್ಲೇ ಕೆಲಸ. ತಮ್ಮೂರಿನ ಮೆಣಸಿನಕಾಯಿ ಎಂದರೆ ಅವರಿಗೆ ಎಲ್ಲಿಲ್ಲದ ಅಭಿಮಾನ. ಎರಡು ಕಿಲೋ ಪುಡಿ ತಂದುಕೊಟ್ಟರು. ಬಕೆಟ್ಟಿನಲ್ಲಿ ಕಲಸಿ, ಕಸಬರಿಗೆಯಿಂದ ಇಡೀ ತೋಟಕ್ಕೆ ಚಿಮುಕಿಸಿದೆ. ಗಿಡಗಳೆಲ್ಲ ಓಕುಳಿ ಆಡಿದಂತೆ ಕೆಂಪಾದವು. ಮರುದಿನ ನೋಡಿದರೆ ಎಂದಿಗಿಂತ ಎರಡು ಗಿಡ ಹೆಚ್ಚೇ ತಿಂದಿದ್ದವು.

ಅವ್ವ ನಕ್ಕಳು. ಅಪ್ಪ ಹೋದಮೇಲೆ ಅವಳು ನಕ್ಕಿದ್ದು ಅದೇ ಮೊದಲು. “ಬ್ಯಾಡಗಿ ಕಾಯಿ ಬಣ್ಣಕ್ಕ ಹಾಕ್ತಾರ ನನ್ನವ್ವಾ, ಖಾರಕ್ಕಲ್ಲ. ದಿನಾ ಸಾರ ಮಾಡಾಕಿ, ನಿನಗ ಗೊತ್ತಿಲ್ಲೇನ?”

ಗೊತ್ತಿತ್ತು. ಸಿಟ್ಟಿನಲ್ಲಿ ಮರೆತಿದ್ದೆ. “ನಿನ್ನೆ ಯಾಕ ಹೇಳಲಿಲ್ಲ?” ಎಂದು ರೇಗಿದೆ. “ನೀ ಎಲ್ಲಿ ಕೇಳಿದಿ?” ಎಂದಳು.

ನಮ್ಮ ಬಡಾವಣೆಗೆ ನಳದ ನೀರು ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ. ಒಂದು ಸಲ ನಸುಕಿನಲ್ಲೇ ಬಂತು. ಕೊಡ ಹಿಡಿದು ಹೊರಗೆ ಬಂದವಳು ಬಾಗಿಲಲ್ಲೇ ನಿಂತೆ. ಗೇಟು ಪೂರಾ ತೆರೆದಿತ್ತು. ಕೊಕ್ಕೆ ಬಿಚ್ಚಿದ ಸರಪಳಿ ಅವ್ವನ ಮಡಿಲಲ್ಲಿತ್ತು. ಅವಳು ಕಟ್ಟೆಯ ಮೇಲೆ ಅಲುಗಾಡದೆ ಕೂತಿದ್ದಳು. ಆಕೆಯಿಂದ ಹತ್ತು ಹೆಜ್ಜೆ ಆಚೆ ಕೋಡಿಲ್ಲದ ಒಂದು ಹೆಣ್ಣು ಚಿಗರಿ, ಅವಳು ಕೊಯ್ದು ಎಸೆದಿದ್ದ ಸೇವಂತಿಗೆ ಹೂಗಳನ್ನು ಒಂದೊಂದಾಗಿ ತಿನ್ನುತ್ತಿತ್ತು.

ನಾನು ಕೊಡ ಒಗೆದು ಕೂಗಾಡಿದೆ. ಚಿಗರಿ ಒಂದೇ ನೆಗೆತಕ್ಕೆ ಗೇಟು ದಾಟಿ ಹೋಯಿತು. “ಯಾರ ಸಲುವಾಗಿ ಮಾಡೇನಿ ಈ ತ್ವಾಟಾ? ನಿನ್ನ ಸಲುವಾಗಿ! ಹಾರಿ ಬರ್ತಾವ ಅಂತ ನನಗ ಸುಳ್ಳ ಹೇಳಿ, ದಿನಾ ಗೇಟ ತೆಗದು ಕುಂದರ್ತೀಯಲ್ಲ, ನಿನಗೇನರ ಬುದ್ಧಿ ಐತೇನ?” ಇನ್ನೂ ಏನೇನೋ ಅಂದೆ. ಬರೆಯಲು ನಾಚಿಕೆಯಾಗುತ್ತದೆ.

ಅವ್ವ ಸಿಟ್ಟಾಗಲಿಲ್ಲ. ನಾನು ಸುಮ್ಮನಾಗುವವರೆಗೆ ಕಾದು ಹೇಳಿದಳು: “ಈ ಹೂವಾ ತಗೊಂಡು ನಾ ಏನ ಮಾಡ್ಲಿ? ಮುಡಿಯಾಂಗಿಲ್ಲ. ಮಗ್ಗಲಮನಿ ಆಕಿಗೆ ಉಡಿತುಂಬ ಒಯ್ದು ಕೊಟ್ಟೆ. ನಕ್ಕೋತ ತಗೊಂಡ್ಲು. ಮರುದಿನಾ ನೋಡಿದ್ರ ಹಂಗಾ ತಿಪ್ಪಿ ಮ್ಯಾಲೆ ಬಿದ್ದಿದ್ದವು. ಗಂಡ ಸತ್ತಾಕಿ ಕೈಯಾನ ಹೂವಾ ಯಾರ ಮುಡೀತಾರ? ಚಿಗರಿ ಅದನ್ನೆಲ್ಲಾ ಕೇಳಂಗಿಲ್ಲ.”

“ನಾ ಇದ್ನಲ್ಲವ್ವಾ. ನನಗ ಕೊಟ್ಟಿದ್ರ ಮುಡೀತಿದ್ದಿಲ್ಲೇನ?”

“ನೀ ಕಟ್ಟಿ ಮ್ಯಾಲೆ ಇಡು ಅಂದಿ.”

“ಅವತ್ತ ನನ್ನ ಕೈ ತುಂಬಿದ್ದವು.”

ಅವ್ವ ನಳದ ಕಡೆ ನೋಡಿದಳು. “ಹೌದವ್ವಾ, ತುಂಬಿದ್ದವು” ಎಂದಳು. ಕೆಳಗೆ ಬಿದ್ದ ಕೊಡ ಎತ್ತಿಕೊಂಡು ನೀರು ತುಂಬಲು ಹೋದಳು.

ಮೇಲೆ ನಾನೂ ಹಾಗೆಯೇ ಬರೆದಿದ್ದೇನೆ, ಕೈ ತುಂಬ ಡಬ್ಬಿ, ಕಾಗದದ ಕಟ್ಟು ಎಂದು. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದೂ ಅದನ್ನೇ. ಡಬ್ಬಿ ಹೆಗಲ ಚೀಲದಲ್ಲಿತ್ತು. ಕಾಗದವೂ ಅದರಲ್ಲೇ. ನನ್ನ ಎರಡೂ ಕೈ ಖಾಲಿ ಇದ್ದವು. ಅವ್ವ ಹೂ ಚಾಚಿದಾಗ ಅತ್ತೆ ತಲೆಯೆತ್ತಿ ನೋಡಿದ್ದರು, ಅಷ್ಟೇ. ಅವರು ಒಂದು ಮಾತೂ ಆಡಿರಲಿಲ್ಲ. ಕೈ ಹಿಂದೆ ತೆಗೆದುಕೊಂಡವಳು ನಾನೇ.

ಮರುದಿನದಿಂದ ಗೇಟಿಗೆ ಸರಪಳಿ ಹಾಕುವುದನ್ನು ನಿಲ್ಲಿಸಿದೆ. ಅವ್ವನೇ ಹಾಕತೊಡಗಿದಳು, ಕೊಕ್ಕೆ ಬಿಗಿಯಾಗಿದೆಯೇ ಎಂದು ಎಳೆದು ನೋಡಿ. ಚಿಗರಿಗಳು ಮತ್ತೆ ಒಳಗೆ ಬರಲಿಲ್ಲ. ಆ ಚಳಿಗಾಲ ತೋಟದಲ್ಲಿ ಎಲೆ ಕಾಣದಷ್ಟು ಹೂ. ನೋಡಿದವರೆಲ್ಲ ಹೊಗಳುವವರೇ. ನಾನು ಮಾತ್ರ ಗಿಡಗಳ ಕಡೆ ನೋಡದೆ ಬಸ್ಸಿಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಧೈರ್ಯ ಮಾಡಿದೆ. ಅತ್ತೆಯೂ ಬಂದಿದ್ದರು, ಅದೇ ಕುರ್ಚಿಯಲ್ಲಿ ಕೂತಿದ್ದರು. ಚೀಲ ಹೆಗಲಿಗೆ ಹಾಕಿ, ಅವ್ವನ ಮುಂದೆ ಎರಡೂ ಕೈ ಚಾಚಿ ನಿಂತೆ. “ಅವ್ವಾ, ಒಂದು ಗುಲಾಬಿ ಕೊಡು” ಎಂದೆ, ಎಲ್ಲರಿಗೂ ಕೇಳುವಂತೆ.

ಅವ್ವ ಗಿಡವೆಲ್ಲ ಹುಡುಕಿ ಚೆಂದದ್ದೊಂದನ್ನು ಕೊಯ್ದಳು. ಮುಳ್ಳು ತೆಗೆದಳು. ನನ್ನ ಹತ್ತಿರ ಬಂದು, ಕೈಗಳನ್ನು ದಾಟಿ, ಹೂವನ್ನು ಕಟ್ಟೆಯ ಮೇಲೆ ಇಟ್ಟಳು.

“ತಗೋ, ಬಸ್ಸಿಗೆ ಹೊತ್ತಾತು” ಎಂದಳು.