ಕಾಕಾ ಸಾಲಾಗಿ ಇಟ್ಟ ಕಲ್ಲುಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಾಗಪುರದಲ್ಲಿ ಪುರಾತತ್ವದ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಗಂಡನಿಗೆ ರೈಲ್ವೆ ನೌಕರಿ. ಅವರಿಗೆ ಧಾರವಾಡದ ಕಡೆಯಿಂದ ವರ್ಗವಾದಾಗ ನಾನೂ ಹಿಂದೆಬಿದ್ದು ವರ್ಗ ಮಾಡಿಸಿಕೊಂಡು ಬಂದಿದ್ದೆ.

ನಾಗಪುರದ ಅಂಚಿನ ವಾಡಿ ಎಂಬ ಊರಿನಾಚೆ ಒಂದು ಹೊಲದಲ್ಲಿ ಗೋದಾಮು ಕಟ್ಟುವವರಿದ್ದರು. ಹೊಲದ ನಡುವೆ ದೊಡ್ಡ ದೊಡ್ಡ ಗುಂಡುಕಲ್ಲುಗಳು ದುಂಡಗೆ ಕೂತಿದ್ದವು. ಕಬ್ಬಿಣ ಬಳಸತೊಡಗಿದ ಕಾಲದ ಜನ ಸತ್ತವರನ್ನು ಹೂಳಿ ಸುತ್ತ ಹೀಗೆ ಕಲ್ಲಿಡುತ್ತಿದ್ದರು. ಬುನಾದಿ ತೋಡುವ ಮೊದಲು ನಾವು ಅಲ್ಲಿ ಅಗೆದು ನೋಡಿ, ಎಲ್ಲವನ್ನೂ ನಕ್ಷೆಗಿಳಿಸಿ ಜಾಗ ಬಿಟ್ಟುಕೊಡಬೇಕಿತ್ತು.

ಹೊಲ ಮಾರಿದ ಮುದುಕ ಮಾತ್ರ ಇನ್ನೂ ಹೊಲ ಬಿಟ್ಟಿರಲಿಲ್ಲ. ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಬೆಳಿಗ್ಗೆ ನಮಗಿಂತ ಮೊದಲೇ ಹಾಜರು. ಬೈಯೋಣವೆಂದರೆ ಬಾಯಿ ಬರದಷ್ಟು ಒಳ್ಳೆಯ ಮನುಷ್ಯ. ಅದೇ ನನ್ನ ಪೀಕಲಾಟ.

ಅಳತೆಗೆಂದು ಚೌಕ ಚೌಕವಾಗಿ ಗೂಟ ಹೊಡೆದು ದಾರ ಕಟ್ಟಿದೆವು. ಮರುದಿನ ನೋಡಿದರೆ ಗೂಟಗಳೆಲ್ಲ ಒಂದು ಕಡೆ ರಾಶಿ. "ಎಮ್ಮೆ ಎಡವುತ್ತೆ ಮ್ಯಾಡಮ್, ಕಿತ್ತಿಟ್ಟೆ" ಎಂದರು. ಮತ್ತೆ ಹೊಡೆದೆವು. ಮಡಕೆ ಚೂರುಗಳನ್ನು ಸಿಕ್ಕ ಚೌಕದ ಪ್ರಕಾರ ಬೇರೆ ಬೇರೆ ಚೀಲದಲ್ಲಿ ಹಾಕಿಟ್ಟರೆ, ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ತೊಳೆದು, ಬಿಸಿಲಿಗೆ ಹರವಿ, ನಮ್ಮ ಮುಖ ನೋಡುತ್ತಾ ನಿಂತರು. ಹೊಗಳಲಿ ಎಂದು!

ಮನೆಯಲ್ಲಿ ಪಾತ್ರೆ ಕುಕ್ಕಿದರೆ ಗಂಡ ನಕ್ಕರು. "ಆ ಮುದುಕನ ಸಿಟ್ಟು ನನ್ನ ಮ್ಯಾಲ ಯಾಕ?"

"ನೀವು ಒಂದು ದಿನ ಬಂದು ನೋಡ್ರಿ, ಆಮ್ಯಾಲ ನಗ್ರಿ."

ಒಂದು ಸೋಮವಾರ ಜೀಪಿನಿಂದ ಇಳಿದವಳು ಅಲ್ಲೇ ನಿಂತುಬಿಟ್ಟೆ. ನಾವಿನ್ನೂ ನಕ್ಷೆಗಿಳಿಸಿರದ ಕಲ್ಲುಗಳ ದುಂಡು ಇರಲಿಲ್ಲ. ಬದುವಿನ ಗುಂಟ, ಸಣ್ಣದರಿಂದ ದೊಡ್ಡದರವರೆಗೆ, ಅವು ನೆಟ್ಟಗೆ ಸಾಲುಗಟ್ಟಿ ಕೂತಿದ್ದವು. ರಜೆಯ ದಿನ ಕಾಕಾ ಯಾರದೋ ಟ್ರ್ಯಾಕ್ಟರ್ ತಂದು, ಸರಪಳಿ ಕಟ್ಟಿ ಎಳೆಸಿದ್ದರು.

"ಇನ್ನು ಅಗೆಯೋಕೆ ಅಡ್ಡಿ ಇಲ್ಲ, ಬರೋಬರ್?" ಎಂದರು.

"ಕಾಕಾ, ಅವು ಎಲ್ಲಿದ್ದವು ಅನ್ನೋದನ್ನ ಬರೆಯೋಕೇ ನಾನು ಇಲ್ಲಿರೋದು!" ಚೀರಿದೆ. ಕೈಲಿದ್ದ ಟೇಪು ನೆಲಕ್ಕೆಸೆದೆ. ಕೂಲಿಯವರೆಲ್ಲ ಕೆಲಸ ನಿಲ್ಲಿಸಿ ನೋಡಿದರು.

ಕಾಕಾಗೆ ಏನೂ ಅರ್ಥವಾಗಲಿಲ್ಲ. "ನಮ್ಮಪ್ಪ ಜೀವನವಿಡೀ ಇವುಗಳನ್ನ ಸುತ್ತು ಹಾಕಿಕೊಂಡೇ ನೇಗಿಲು ಹೊಡೆದ. ಮುಟ್ಟಬಾರದು ಅನ್ನುತ್ತಿದ್ದ. ಸರಕಾರದವರೇ ಬಂದಿದ್ದೀರಲ್ಲ, ಇನ್ನೇನು ಹೆದರಿಕೆ ಅಂತ ನಾನು..." ಎಂದು ನಿಲ್ಲಿಸಿದರು.

ನಮ್ಮ ಸಾಹೇಬರು ತಲೆ ಹಿಡಿದುಕೊಂಡು ಕೂತರು. ಆಮೇಲೆ ಎದ್ದು, ನೆಲ ಕೆರೆಸಿದರು. ಕಲ್ಲು ಕೂತಿದ್ದ ಕಡೆ ಮಣ್ಣು ತಗ್ಗಾಗಿ, ಬಣ್ಣ ಬೇರೆಯಾಗಿತ್ತು. ಆ ಕುಳಿಗಳನ್ನು ಒಂದೊಂದೇ ಹುಡುಕಿ ಅಳೆಯುವುದರಲ್ಲಿ ವಾರ ಕಳೆಯಿತು. ಕಾಕಾ ಬಿಡಬೇಕಲ್ಲ! "ಇಲ್ಲಲ್ಲ, ಅಲ್ಲಿತ್ತು" ಎಂದು ಕೋಲಿನಿಂದ ತೋರಿಸುವರು. ಅವರು ತೋರಿಸಿದಲ್ಲೆಲ್ಲ ಗಟ್ಟಿ ನೆಲ.

ನಡುವೆ ಅಗೆದಾಗ ಒಡೆದ ಮಡಕೆಗಳು, ತುಕ್ಕು ತಿಂದ ಕಬ್ಬಿಣದ ಕೊಡಲಿ ಸಿಕ್ಕವು. ಅವನ್ನು ಅಳೆದು ಮುಗಿಸುವವರೆಗೂ ನಾನು ಅಡ್ಡ ನಿಂತು ಕಾಕಾರನ್ನು ಹತ್ತಿರ ಬಿಡಲಿಲ್ಲ.

ನಕ್ಷೆ ಮುಗಿದಾಗ ಕಾಕಾ ನೋಡಲು ಬಂದರು. ಎರಡು ಕಲ್ಲುಗಳ ಕುಳಿ ಕೊನೆಗೂ ಸಿಕ್ಕಿರಲಿಲ್ಲ; ಅವನ್ನು ಅಂದಾಜಿನ ಮೇಲೆ ಚುಕ್ಕಿಗೆರೆಯಲ್ಲಿ ಬರೆದಿದ್ದೆ.

"ಇವೆರಡು ಯಾಕೆ ಚುಕ್ಕಿ ಚುಕ್ಕಿ?"

"ಎಲ್ಲಿದ್ದವೋ ಗೊತ್ತಿಲ್ಲ, ಕಾಕಾ."

"ನಾನು ಹೇಳಿದೆನಲ್ಲ!"

"ನೀವು ಹೇಳಿದ ಕಡೆ ಕುಳಿ ಇಲ್ಲ."

ಅವರು ಸ್ವಲ್ಪ ಯೋಚಿಸಿದರು. "ಹಾಗಾದರೆ ಕುಳಿ ತಪ್ಪು" ಎಂದರು.

ನಾನು ನಕ್ಷೆ ಸುತ್ತಿಟ್ಟೆ. ಜಾಗ ಬಿಟ್ಟುಕೊಟ್ಟು ಸಾಮಾನು ಜೀಪಿಗೇರಿಸುವಾಗ ಜೆಸಿಬಿ ಹೊಲಕ್ಕೆ ಇಳಿಯುತ್ತಿತ್ತು. ಅದರ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಎರಡೂ ಕೈ ಬೀಸುತ್ತ, ಎಲ್ಲಿಂದ ತೋಡಬೇಕೆಂದು ಕಾಕಾ ಡ್ರೈವರನಿಗೆ ಹೇಳಿಕೊಡುತ್ತಿದ್ದರು. ಡ್ರೈವರ್ ಹಾರ್ನ್ ಒತ್ತುತ್ತಲೇ ಇದ್ದ.