ಕಷ್ಟದ ಪಂದ್ಯ ಮೊದಲು

೧೯೮೯ರ ಸೆಪ್ಟೆಂಬರಿನ ಕೊನೆಯ ಶುಕ್ರವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಪಿಯುಸ್ ರೇಗೊ ಒಮಾನಿನ ಮತ್ರಾದ ತಮ್ಮ ಕೋಣೆಯಲ್ಲಿ ಸ್ಕೇಲು ಹಿಡಿದು ಫುಟ್‌ಬಾಲ್ ಪಂದ್ಯಗಳ ಪಟ್ಟಿಗೆ ಗೆರೆ ಎಳೆಯುತ್ತಿದ್ದರು. ಮಂಗಳೂರಿನ ಒಂದೇ ಕಾಲೇಜಿನಲ್ಲಿ ಓದಿ ಅಲ್ಲಿಗೆ ಬಂದ ಇಪ್ಪತ್ತೆರಡು ಜನರ ತಂಡಕ್ಕೆ ಅವರೇ ಮ್ಯಾನೇಜರು. ನಲವತ್ತಾರರ ಪ್ರಾಯದಲ್ಲೂ ಅವರೇ ಗೋಲ್‌ಕೀಪರು. ಗೋಲುಕಂಬಗಳ ನಡುವಿನ ಅಂತರವನ್ನು ಪ್ರತಿ ವಾರ ಟೇಪು ಹಿಡಿದು ಅಳೆಯುತ್ತಿದ್ದರು. ಕಂಬಗಳು ಒಂದು ವಾರದಲ್ಲಿ ನಡೆದುಹೋಗುವುದಿಲ್ಲ ಎಂದು ಯಾರಾದರೂ ಅಂದರೆ, “ನೀನು ಅಳೆದು ನೋಡಿದ್ದೀಯಾ?” ಎನ್ನುತ್ತಿದ್ದರು. ಹಿಂದಿನ ವರ್ಷ ಕೊನೆಯಲ್ಲಿ ನಿಂತ ತಂಡ ಎದುರಾಳಿಗಳ ಸರದಿಯನ್ನು ತಾನೇ ಆರಿಸಬಹುದೆಂಬುದು ಅವರು ಆಡುವ ಲೀಗಿನ ಪದ್ಧತಿ; ಹಿಂದಿನ ವರ್ಷ ಹಾಗೆ ನಿಂತದ್ದು ಇವರ ತಂಡವೇ. ಈ ಸಲವೂ ಕೊನೆಗೆ ಬಿದ್ದರೆ ತಂಡ ಲೀಗಿನಿಂದಲೇ ಹೊರಗೆ. ಹಾಗಿದ್ದೂ ಅವರು ಮೊದಲ ಸಾಲಿನಲ್ಲಿ ಚಾಂಪಿಯನ್ನರ ಹೆಸರು ಬರೆದರು. “ಎಂತ ಪಿಯುಸಣ್ಣ, ಮೊದಲನೇ ವಾರವೇ ನಮ್ಮನ್ನು ಚಟ್ನಿ ಮಾಡಿಸ್ತೀರಾ?” ಎಂದ ಕ್ಯಾಪ್ಟನ್ ಕುಂಞಾಲಿ. “ಮಾಡ್ಲಿ. ಡಿಸೆಂಬರಲ್ಲಿ ಅರ್ಧ ಟೀಮು ಕ್ರಿಸ್ಮಸ್ಸಿಗೆ ಊರಿಗೆ ಹಾರ್ತದೆ. ಆಗ ಇವರನ್ನು ತಡೀಲಿಕ್ಕೆ ನಿನ್ನ ಅಜ್ಜ ಬರ್ತಾರಾ? ಎಲ್ಲರೂ ಇರುವಾಗಲೇ ದೊಡ್ಡವರ ಎದುರು ಆಡುದು. ಖಲಾಸ್!” ಮೊದಲ ಪಂದ್ಯದಲ್ಲಿ ಏಳು ಗೋಲು ತಿಂದು ಬಂದಾಗಲೂ, “ಕಷ್ಟದ್ದು ಒಂದು ಮುಗೀತು” ಎಂದು ಸ್ಕೇಲಿಟ್ಟು ಆ ಸಾಲನ್ನು ಹೊಡೆದುಹಾಕಿದರು. ಅಂದೇ ಕುಂಞಾಲಿ ಕೇಳಿದ: “ನೀವು ಊರಲ್ಲಿ ಕ್ರಿಸ್ಮಸ್ ಮಾಡದೆ ಐದು ವರ್ಷ ಆಯ್ತಲ್ಲ, ಐಡಕ್ಕ ಬೈಯುದಿಲ್ವಾ?” ಹೆಂಡತಿಯ ಹೆಸರು ಕೇಳಿ ಪಿಯುಸ್ ಸ್ಕೇಲನ್ನು ಪಟ್ಟಿಯ ಡಿಸೆಂಬರ್ ಸಾಲಿಗೆ ಸರಿಸಿದರು. “ಬೈತಾಳೆ. ಡಿಸೆಂಬರಲ್ಲಿ ನಾನಿದ್ರೆ ನಾವು ಹನ್ನೊಂದು ಜನ. ನಾನು ಹೋದ್ರೆ ಹತ್ತು.”